ಗೋಪುರವೂ ಉಳಿಯಿತು, ಲೆಕ್ಕದ ಪುಸ್ತಕವೂ ಉಳಿಯಿತು: ಶೇಠ್ ಪ್ರೇಮ್‌ಚಂದ್ ರಾಯ್‌ಚಂದ್ ಅವರ ಜೀವನ

ಮುಂಬಯಿಗೆ ಹೋಗಿ ಬಂದ ನಮ್ಮವರು ಕೋಟೆ ಪ್ರದೇಶದ ವಿಶ್ವವಿದ್ಯಾಲಯದ ಬಳಿ ಎತ್ತರದ ಗಡಿಯಾರ ಗೋಪುರವನ್ನು ನೋಡಿಯೇ ಇರುತ್ತಾರೆ. ಅದರ ಹೆಸರು ರಾಜಾಬಾಯಿ ಗೋಪುರ. ಎತ್ತರ ಸುಮಾರು 280 ಅಡಿ. ರಾಜಾಬಾಯಿ ಎಂಬವರು ರಾಣಿಯಲ್ಲ, ಗವರ್ನರರ ಪತ್ನಿಯೂ ಅಲ್ಲ. ಸೂರತ್ ಊರಿನ ಒಂದು ಜೈನ ಮನೆತನದ ತಾಯಿ. ಗೋಪುರಕ್ಕೆ ಹಣ ಕೊಟ್ಟವರು ಅವರ ಮಗ ಶೇಠ್ ಪ್ರೇಮ್‌ಚಂದ್ ರಾಯ್‌ಚಂದ್.

ಜೈನ ಸಮಾಜದ ದಾನಿಗಳ ಪಟ್ಟಿಯಲ್ಲಿ ಪ್ರೇಮ್‌ಚಂದ್ ಅವರ ಹೆಸರು ತಪ್ಪದೆ ಬರುತ್ತದೆ. ಆದರೆ ಅವರ ಹೆಸರು ಇನ್ನೊಂದು ಕಡೆಯೂ ಬರುತ್ತದೆ. ಮುಂಬಯಿಯ ಒಂದು ದೊಡ್ಡ ಬ್ಯಾಂಕು ಮುಳುಗಿದಾಗ ಸರ್ಕಾರ ತನಿಖಾ ಆಯೋಗ ನೇಮಿಸಿ, ಬ್ಯಾಂಕಿನ ಲೆಕ್ಕ ತೆರೆಸಿ, ಸಾಕ್ಷಿಗಳ ಹೇಳಿಕೆಗಳನ್ನೆಲ್ಲ ಅಚ್ಚು ಹಾಕಿಸಿತು. ಆ ಕಡತಗಳಲ್ಲಿಯೂ ಅವರ ಹೆಸರು ಇದೆ. ದಾನದ ಕತೆ ನಮಗೆ ಗೊತ್ತು. ಕಡತದ ಕತೆ ಅಷ್ಟಾಗಿ ಗೊತ್ತಿಲ್ಲ. ಎರಡನ್ನೂ ಒಟ್ಟಿಗೆ ತಿಳಿದರೆ ಮಾತ್ರ ಆ ಜೀವನ ಪೂರ್ತಿಯಾಗಿ ಅರ್ಥವಾಗುತ್ತದೆ. ಇಂದು ನಮ್ಮ ಮನೆಗಳ ಮಕ್ಕಳು ಮೊಬೈಲಿನಲ್ಲೇ ಷೇರು ವ್ಯಾಪಾರ ಮಾಡುತ್ತಿರುವ ಕಾಲದಲ್ಲಿ ಅದನ್ನು ತಿಳಿಯುವುದು ಅಗತ್ಯವೂ ಹೌದು.

ಬಾಲ್ಯ ಮತ್ತು ದಲ್ಲಾಳಿ ವೃತ್ತಿ

ಪ್ರೇಮ್‌ಚಂದ್ ಹುಟ್ಟಿದ್ದು 1831ರಲ್ಲಿ. ತಂದೆ ರಾಯ್‌ಚಂದ್ ದೀಪ್‌ಚಂದ್. ಕುಟುಂಬ ಸೂರತ್‌ನಿಂದ ಮುಂಬಯಿಗೆ ಬಂದು ನೆಲೆಸಿತು. ಒಂದು ಕಾಲಕ್ಕೆ ಪಶ್ಚಿಮ ಕರಾವಳಿಯ ದೊಡ್ಡ ಬಂದರಾಗಿದ್ದ ಸೂರತ್ ಆ ಹೊತ್ತಿಗೆ ಇಳಿಮುಖವಾಗಿ, ವ್ಯಾಪಾರವೆಲ್ಲ ಮುಂಬಯಿಗೆ ಸರಿಯುತ್ತಿತ್ತು. ವ್ಯಾಪಾರ ಹೋದ ಕಡೆಗೆ ವ್ಯಾಪಾರಿಯೂ ಹೋಗಬೇಕಲ್ಲ.

ಹುಡುಗನಿಗೆ ಇಂಗ್ಲಿಷ್ ಶಿಕ್ಷಣ ಸಿಕ್ಕಿತು. ಅಂದಿನ ಷೇರು ದಲ್ಲಾಳಿಗಳಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬ್ಯಾಂಕಿನ ಸಾಹೇಬರ ಜೊತೆ ಮಾತಾಡುವುದಕ್ಕೆ, ಪತ್ರ ಓದುವುದಕ್ಕೆ ಮತ್ತೊಬ್ಬರನ್ನು ಅವಲಂಬಿಸಬೇಕಾಗಿತ್ತು. ಇಂಗ್ಲಿಷ್ ಮಾತಾಡಲು, ಓದಲು, ಬರೆಯಲು ಬಲ್ಲ ಮೊದಲ ದೇಶೀಯ ದಲ್ಲಾಳಿ ಎಂದು ಪ್ರೇಮ್‌ಚಂದ್ ಹೆಸರಾದರು. 1850ರ ದಶಕದ ಆರಂಭದಲ್ಲಿ ಒಬ್ಬ ಹಿರಿಯ ದಲ್ಲಾಳಿಯ ಸಹಾಯಕರಾಗಿ ಸೇರಿ, ಆ ದಶಕ ಮುಗಿಯುವಷ್ಟರಲ್ಲಿ ಸ್ವತಂತ್ರ ದಲ್ಲಾಳಿಯಾದರು.

ಆ ಕಾಲದ ಷೇರುಪೇಟೆಗೆ ಕಟ್ಟಡವಿರಲಿಲ್ಲ. ಟೌನ್‌ಹಾಲ್ ಎದುರಿನ ಮರದ ನೆರಳಿನಲ್ಲಿ ದಲ್ಲಾಳಿಗಳು ನಿಂತು ವ್ಯವಹಾರ ಮಾಡುತ್ತಿದ್ದರು. ಷೇರು ಎಂಬುದೇ ಹೊಸ ಸರಕು. ಕಂಪನಿಗಳ ನೋಂದಣಿಗೆ ಕಾಯ್ದೆ ಬಂದದ್ದು 1850ರಲ್ಲಿ. ಕಂಪನಿ ಮುಳುಗಿದರೆ ಷೇರುದಾರನ ನಷ್ಟ ಅವನು ಹಾಕಿದ ಹಣಕ್ಕಷ್ಟೇ ಸೀಮಿತ ಎಂಬ ನಿಯಮ ಬಂದದ್ದು 1857ರಲ್ಲಿ. 1860ರಲ್ಲಿ ದಲ್ಲಾಳಿಗಳ ಸಂಖ್ಯೆ ಸುಮಾರು 60. ಅವರ ಪೈಕಿ ಮುಂದಾಳು ಪ್ರೇಮ್‌ಚಂದ್ ಅವರೇ. ಆಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ.

ದೂರದ ಯುದ್ಧ, ಇಲ್ಲಿನ ಹತ್ತಿ

1861ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಉತ್ತರದ ಸೈನ್ಯ ದಕ್ಷಿಣದ ಬಂದರುಗಳನ್ನು ಮುತ್ತಿತು. ಇಂಗ್ಲೆಂಡಿನ ಲಂಕಾಶೈರ್ ಗಿರಣಿಗಳು ನಡೆಯುತ್ತಿದ್ದುದೇ ಅಮೆರಿಕದ ಹತ್ತಿಯಿಂದ. ಅದು ನಿಂತಾಗ ಅವರ ಕಣ್ಣು ಬಿದ್ದದ್ದು ಮುಂಬಯಿಯ ಮೇಲೆ. ಗುಜರಾತ್, ಖಾನ್‌ದೇಶ, ವರ್ಹಾಡ, ಮತ್ತು ನಮ್ಮ ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು.

ಈ ಹತ್ತಿಯ ಕತೆ ನಮ್ಮ ಕರಾವಳಿಯನ್ನೂ ಮುಟ್ಟಿತ್ತು. ಧಾರವಾಡ ಪ್ರದೇಶದಲ್ಲಿ 1840ರ ದಶಕದಲ್ಲೇ ಅಮೆರಿಕದ ಹತ್ತಿ ತಳಿಯನ್ನು ಬೆಳೆಸುವ ಪ್ರಯತ್ನ ನಡೆದಿತ್ತು. ಆ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ಹಾಕಲು ಕಾರವಾರ ಬಂದರು ಬೇಕು ಎಂದು ಇಂಗ್ಲೆಂಡಿನ ವ್ಯಾಪಾರಿಗಳು ಒತ್ತಾಯ ಮಾಡುತ್ತಿದ್ದರು. ಧಾರವಾಡ ಇದ್ದದ್ದು ಮುಂಬಯಿ ಪ್ರಾಂತದಲ್ಲಿ, ಕಾರವಾರ ಇದ್ದದ್ದು ಮದ್ರಾಸ್ ಪ್ರಾಂತದಲ್ಲಿ. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಅದಕ್ಕೆ ಹತ್ತಿಯ ಈ ದಾರಿಯೂ ಒಂದು ಮುಖ್ಯ ಕಾರಣ. ನಾರಾವಿ, ವೇಣೂರು, ಮೂಡುಬಿದಿರೆ, ಕಾರ್ಕಳ ಎಲ್ಲ ಸೇರಿದ ದಕ್ಷಿಣ ಕನ್ನಡ ಮದ್ರಾಸ್‌ನಲ್ಲೇ ಉಳಿಯಿತು. ಒಂದೇ ಕನ್ನಡ ಜಿಲ್ಲೆ ಎರಡು ಪ್ರಾಂತಗಳಿಗೆ ಹಂಚಿಹೋದದ್ದರ ಹಿಂದೆ ಅಮೆರಿಕದ ಯುದ್ಧದ ಕಾಲದ ಹತ್ತಿಯ ಆಸೆಯೂ ಇತ್ತು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬಹುದು.

ಬೆಲೆ ಏರಿದಲ್ಲಿ ಕಲಬೆರಕೆಯೂ ಬರುತ್ತದೆ. ತೂಕ ಹೆಚ್ಚಿಸಲು ಹತ್ತಿಗೆ ಬೀಜ, ಕಸ, ಮಣ್ಣು ಸೇರಿಸುವುದು ಎಷ್ಟು ಹೆಚ್ಚಿತೆಂದರೆ ಮುಂಬಯಿ ಸರ್ಕಾರ 1863ರಲ್ಲಿ ಹತ್ತಿ ಮೋಸ ತಡೆಯುವ ಕಾಯ್ದೆಯನ್ನೇ ತಂದಿತು. ನಮ್ಮ ತತ್ತ್ವಾರ್ಥ ಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯ ಅಣುವ್ರತದ ಅತಿಚಾರಗಳಲ್ಲಿ ಒಂದಾಗಿ ಪ್ರತಿರೂಪಕ ವ್ಯವಹಾರವನ್ನು ಹೇಳಿದೆ. ಒಳ್ಳೆಯ ಸರಕಿನಂತೆ ಕಾಣುವ ಕೆಟ್ಟ ಸರಕನ್ನು ಮಾರುವುದು ಎಂದರ್ಥ. ಸರ್ಕಾರ 1863ರಲ್ಲಿ ಕಾಯ್ದೆ ಮಾಡಿ ಹೇಳಿದ್ದನ್ನು ಉಮಾಸ್ವಾಮಿ ಆಚಾರ್ಯರು ಎಷ್ಟೋ ಶತಮಾನಗಳ ಹಿಂದೆಯೇ ಶ್ರಾವಕರಿಗೆ ಹೇಳಿಟ್ಟಿದ್ದರು.

ಹಣದ ಹೊಳೆ, ಷೇರುಗಳ ಹುಚ್ಚು

ಯುದ್ಧದ ವರ್ಷಗಳಲ್ಲಿ ಮುಂಬಯಿಗೆ ಹತ್ತಿಯಿಂದ ವಾಡಿಕೆಗಿಂತ ಹೆಚ್ಚಾಗಿ ಬಂದ ಹಣ 7 ಕೋಟಿ ಪೌಂಡ್‌ಗೂ ಮಿಕ್ಕಿತ್ತು ಎಂಬುದು ಆ ಕಾಲದ ಅಂದಾಜು. ಇಷ್ಟು ಹಣ ಒಮ್ಮೆಲೇ ಬಂದಾಗ ಅದನ್ನು ಎಲ್ಲಿ ಹಾಕುವುದು? ಹೊಸ ಹೊಸ ಕಂಪನಿಗಳು ಹುಟ್ಟಿದವು. ಬ್ಯಾಂಕುಗಳು, ಹಣಕಾಸು ಸಂಸ್ಥೆಗಳು, ವಿಮಾ ಕಂಪನಿಗಳು, ಹಡಗು ಕಂಪನಿಗಳು, ಹತ್ತಿ ಒತ್ತುವ ಪ್ರೆಸ್‌ಗಳು, ಸಮುದ್ರ ತುಂಬಿಸಿ ಜಾಗ ಮಾಡುವ ಕಂಪನಿಗಳು. 1865ರ ಆರಂಭದ ಹೊತ್ತಿಗೆ ಮುಂಬಯಿ ಒಂದೇ ನಗರದಲ್ಲಿ ಮೂವತ್ತರಷ್ಟು ಬ್ಯಾಂಕುಗಳಿದ್ದವು. ದಲ್ಲಾಳಿಗಳ ಸಂಖ್ಯೆ ಇನ್ನೂರು ದಾಟಿತ್ತು.

ಈ ಎಲ್ಲದರ ನಡುವೆ ನಿಂತವರು ಪ್ರೇಮ್‌ಚಂದ್. ಯಾವ ಹೊಸ ಕಂಪನಿಗೂ ಅವರ ಹೆಸರು ಬೇಕಿತ್ತು. ಷೇರು ಹಂಚುವಾಗ ಯಾರಿಗೆ ಎಷ್ಟು ಎಂಬುದು ಬಹಳ ಮಟ್ಟಿಗೆ ಅವರ ಮಾತಿನ ಮೇಲೆ ನಿಂತಿತ್ತು. ಷೇರು ಸಿಕ್ಕಿದ ಮರುದಿನವೇ ಹೆಚ್ಚಿನ ಬೆಲೆಗೆ ಮಾರಬಹುದಾದ್ದರಿಂದ ದೇಶೀಯರು, ಯುರೋಪಿಯನ್ನರು, ಅಧಿಕಾರಿಗಳು ಎಲ್ಲರೂ ಅವರ ಬಾಗಿಲಲ್ಲಿ ಕಾಯುತ್ತಿದ್ದರು. ಮುಂದೆ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧ್ಯಕ್ಷರಾದ ದಿನ್‌ಶಾ ವಾಚಾ ಆಗ ಇಪ್ಪತ್ತರ ಹರೆಯದ ಯುವಕ. ಆ ದಿನಗಳನ್ನು ಕಣ್ಣಾರೆ ಕಂಡ ಅವರು ಪ್ರೇಮ್‌ಚಂದ್ ಅವರ ಜೀವನದ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ.

ಹುಚ್ಚಿನ ತುತ್ತತುದಿ ಎಂದರೆ ಬ್ಯಾಕ್ ಬೇ ಕಂಪನಿ. ಮುಂಬಯಿಯ ಪಶ್ಚಿಮದ ಕೊಲ್ಲಿಯನ್ನು ಮಣ್ಣು ತುಂಬಿಸಿ ನೆಲ ಮಾಡುವುದು ಅದರ ಯೋಜನೆ. ಅದರ 5,000 ರೂಪಾಯಿಯ ಷೇರು 50,000 ರೂಪಾಯಿಗೆ ಹೋಯಿತು. ಕೊಂಡವನ ಕೈಯಲ್ಲಿ ಇದ್ದದ್ದು ಒಂದು ಕಾಗದ, ಕೊಲ್ಲಿಯಲ್ಲಿ ಇದ್ದದ್ದು ನೀರು. ನೆಲ ಇನ್ನೂ ಆಗಬೇಕಿತ್ತು.

ಇದರ ಜೊತೆಗೆ ವಾಯಿದೆ ವ್ಯವಹಾರ ಸೇರಿತು. ಇಂದು ಮಾತು, ಮುಂದಿನ ಒಂದು ತಾರೀಖಿಗೆ ಹಣ ಮತ್ತು ಷೇರು. ಕೈಯಲ್ಲಿ ಹಣವಿಲ್ಲದವನೂ ಕೊಂಡ, ಕೈಯಲ್ಲಿ ಷೇರು ಇಲ್ಲದವನೂ ಮಾರಿದ. ಇಂಥ ಬಹಳಷ್ಟು ವಾಯಿದೆಗಳು 1865ರ ಜುಲೈ 1ಕ್ಕೆ ಬಂದು ನಿಂತಿದ್ದವು.

ದಾನ

ಈ ಏರಿಕೆಯ ಕಾಲದಲ್ಲೇ ಪ್ರೇಮ್‌ಚಂದ್ ಅವರು ಕೈಬಿಚ್ಚಿ ಕೊಟ್ಟರು. 1864ರಲ್ಲಿ ಮುಂಬಯಿ ವಿಶ್ವವಿದ್ಯಾಲಯಕ್ಕೆ ಗ್ರಂಥಾಲಯಕ್ಕಾಗಿ ರೂ. 2 ಲಕ್ಷ ಕೊಟ್ಟರು. ಕೆಲವೇ ವಾರಗಳ ಬಳಿಕ ಗಡಿಯಾರ ಗೋಪುರಕ್ಕಾಗಿ ಮತ್ತೆ ರೂ. 2 ಲಕ್ಷ ಕೊಟ್ಟರು. ಕಲ್ಕತ್ತಾ ವಿಶ್ವವಿದ್ಯಾಲಯಕ್ಕೂ ರೂ. 2 ಲಕ್ಷ ಕೊಟ್ಟರು. ಅದರಿಂದ ನಡೆದುಬಂದ ಪ್ರೇಮ್‌ಚಂದ್ ರಾಯ್‌ಚಂದ್ ವಿದ್ಯಾರ್ಥಿವೇತನ ಬಂಗಾಳದ ವಿದ್ವಾಂಸರಿಗೆ ದೊಡ್ಡ ಗೌರವ. ಅಶುತೋಷ್ ಮುಖರ್ಜಿ, ಇತಿಹಾಸಕಾರ ಜದುನಾಥ್ ಸರ್ಕಾರ್ ಮೊದಲಾದವರು ಅದನ್ನು ಪಡೆದವರು. ಗುಜರಾತಿನಲ್ಲಿ ಹೆಣ್ಣುಮಕ್ಕಳ ಶಾಲೆ, ಗ್ರಂಥಾಲಯಗಳಿಗೂ ಅವರ ನೆರವು ಹೋಯಿತು.

ಗೋಪುರಕ್ಕೆ ತಾಯಿಯ ಹೆಸರಿಟ್ಟ ಬಗ್ಗೆ ಮುಂಬಯಿಯ ಜೈನ ಮನೆಗಳಲ್ಲಿ ಒಂದು ಮಾತು ನಡೆದುಬಂದಿದೆ. ರಾಜಾಬಾಯಿಯವರಿಗೆ ಕಣ್ಣು ಕಾಣುತ್ತಿರಲಿಲ್ಲ. ಸೂರ್ಯಾಸ್ತದ ಮೊದಲು ಊಟ ಮುಗಿಸುವ ವ್ರತವನ್ನು ಅವರು ಬಿಡುತ್ತಿರಲಿಲ್ಲ. ಹೊತ್ತು ಎಷ್ಟಾಯಿತೆಂದು ಯಾರನ್ನೂ ಕೇಳದೆ ಗಂಟೆಯ ಸದ್ದಿನಿಂದಲೇ ತಿಳಿಯಲಿ ಎಂದು ಮಗ ಗೋಪುರ ಕಟ್ಟಿಸಿದರಂತೆ. ಇದು ಜನ ಹೇಳಿಕೊಂಡು ಬಂದ ಕತೆ. ರಾತ್ರಿ ಭೋಜನ ತ್ಯಾಗ ಮಾಡಿದ ಅಜ್ಜಿ ಇದ್ದ ಮನೆಯವರಿಗೆ ಆ ಕತೆ ಏಕೆ ಉಳಿದುಬಂತು ಎಂದು ಬೇರೆ ಹೇಳಬೇಕಿಲ್ಲ.

ಬ್ಯಾಂಕ್ ಆಫ್ ಬಾಂಬೆ

ಈಗ ಕಡತದ ಕತೆಗೆ ಬರೋಣ. ಬ್ಯಾಂಕ್ ಆಫ್ ಬಾಂಬೆ 1840ರಲ್ಲಿ ಶುರುವಾದದ್ದು. ಅದು ಸಾಮಾನ್ಯ ಖಾಸಗಿ ಬ್ಯಾಂಕಲ್ಲ. ಸರ್ಕಾರವೂ ಷೇರುದಾರ, ನಿರ್ದೇಶಕ ಮಂಡಳಿಯಲ್ಲಿ ಸರ್ಕಾರ ನೇಮಿಸಿದವರೂ ಇದ್ದರು. ಹಾಗಾಗಿ ವಿಧವೆಯರು, ನಿವೃತ್ತರು, ಸಣ್ಣ ಉಳಿತಾಯದವರು ಅದನ್ನು ಸರ್ಕಾರದ ಖಜಾನೆಯಂತೆಯೇ ನಂಬಿದ್ದರು.

ಹಳೆಯ ಕಾಯ್ದೆಯಲ್ಲಿ ಸಾಲ ಕೊಡುವ ಬಗ್ಗೆ ಬಿಗಿ ನಿಯಮಗಳಿದ್ದವು. 1863ರಲ್ಲಿ ಬಂದ ಹೊಸ ಕಾಯ್ದೆ ಆ ಬಿಗಿಯನ್ನು ಸಡಿಲಿಸಿತು. ಕಂಪನಿಗಳ ಷೇರುಗಳನ್ನು ಆಧಾರವಾಗಿ ಇಟ್ಟುಕೊಂಡೂ ಸಾಲ ಕೊಡಬಹುದಾಯಿತು. ಹುಚ್ಚು ಏರುತ್ತಿದ್ದ ಸಮಯದಲ್ಲೇ ಈ ಬಾಗಿಲು ತೆರೆಯಿತು. ಬ್ಯಾಂಕಿನ ಆಡಳಿತದಲ್ಲಿ, ಮುಖ್ಯವಾಗಿ ಕಾರ್ಯದರ್ಶಿಯ ಬಳಿ, ಪ್ರೇಮ್‌ಚಂದ್ ಅವರ ಮಾತಿಗೆ ದೊಡ್ಡ ಬೆಲೆ ಇತ್ತು. ಅವರಿಗೂ, ಅವರು ಹೇಳಿದವರಿಗೂ ದೊಡ್ಡ ದೊಡ್ಡ ಸಾಲಗಳು ಹೋದವು.

ನಮ್ಮ ಕಡೆಯ ಅಡಿಕೆ ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ ಇದು ಹೀಗೆ. ಒಬ್ಬ ವ್ಯಾಪಾರಿ ಗೋದಾಮಿನ ಅಡಿಕೆ ತೋರಿಸಿ ಸಾಲ ತೆಗೆಯುತ್ತಾನೆ. ಆ ಸಾಲದಿಂದ ಮತ್ತೆ ಅಡಿಕೆ ಕೊಳ್ಳುತ್ತಾನೆ. ಕೊಳ್ಳುವವರು ಹೆಚ್ಚಾದ್ದರಿಂದ ಧಾರಣೆ ಏರುತ್ತದೆ. ಏರಿದ ಧಾರಣೆ ತೋರಿಸಿ ಇನ್ನಷ್ಟು ಸಾಲ ತೆಗೆಯುತ್ತಾನೆ. ಧಾರಣೆ ಏರುತ್ತಿರುವಷ್ಟು ದಿನ ಎಲ್ಲರೂ ಸಾಹುಕಾರರೇ. ಇಳಿದ ದಿನ ಆಧಾರವೂ ಇಲ್ಲ, ಸಾಲ ತೀರಿಸುವ ದಾರಿಯೂ ಇಲ್ಲ. ಅಡಿಕೆಯಾದರೂ ಗೋದಾಮಿನಲ್ಲಿ ಉಳಿದೀತು. ಮುಳುಗಿದ ಕಂಪನಿಯ ಷೇರಿನಲ್ಲಿ ಏನು ಉಳಿಯುತ್ತದೆ?

1865ರ ಏಪ್ರಿಲ್‌ನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದರು. ಯುದ್ಧ ಮುಗಿಯಿತೆಂಬ ಸುದ್ದಿ ಮುಂಬಯಿಗೆ ಮುಟ್ಟಿದೊಡನೆ ಹತ್ತಿಯ ಬೆಲೆ ಬಿದ್ದಿತು. ಷೇರುಗಳೂ ಬಿದ್ದವು. ಜುಲೈ 1ರ ವಾಯಿದೆ ದಿನ ಕೊಡಬೇಕಾದವರಲ್ಲಿ ಕೊಡಲು ಹಣವಿರಲಿಲ್ಲ. ಅವನು ಕೊಡದ್ದರಿಂದ ಇವನಿಗೆ ಕೊಡಲಾಗಲಿಲ್ಲ. ಒಬ್ಬರ ಹಿಂದೆ ಒಬ್ಬರು ದಿವಾಳಿಯಾದರು. 2,850 ರೂಪಾಯಿ ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆ ಷೇರು ಕೊನೆಗೆ 87 ರೂಪಾಯಿಗೆ ಇಳಿಯಿತು.

1866ರಲ್ಲಿ ಲಂಡನ್ನಿನ ದೊಡ್ಡ ಸಂಸ್ಥೆ ಓವರೆಂಡ್ ಗರ್ನಿಯೂ ಮುಳುಗಿತು. ಮುಂಬಯಿಯಲ್ಲಿ ಉಳಿದಿದ್ದ ನಂಬಿಕೆಯೂ ಹೋಯಿತು. ಪ್ರೇಮ್‌ಚಂದ್ ಅವರ ಕೈಯೂ ಸೋತಿತು. 1868ರಲ್ಲಿ ಬ್ಯಾಂಕ್ ಆಫ್ ಬಾಂಬೆ ಮುಚ್ಚುವ ಸ್ಥಿತಿಗೆ ಬಂತು. ಅದರ ಷೇರು ಬಂಡವಾಳ ಸುಮಾರು ರೂ. 2 ಕೋಟಿ 9 ಲಕ್ಷ. ನಷ್ಟ ಸುಮಾರು ರೂ. 1 ಕೋಟಿ 89 ಲಕ್ಷ.

ತೆರೆದ ಪುಸ್ತಕ

ಬೇರೆ ಎಷ್ಟೋ ಕಂಪನಿಗಳು ಮುಳುಗಿದಾಗ ಜನ ಹಣೆಬರಹ ಎಂದು ಸುಮ್ಮನಾದರು. ಆದರೆ ಈ ಬ್ಯಾಂಕಿನಲ್ಲಿ ಸರ್ಕಾರದ ಹೆಸರಿತ್ತು. ಷೇರುದಾರರು ಬಿಡಲಿಲ್ಲ. 1868ರಲ್ಲಿ ಸರ್ ಚಾರ್ಲ್ಸ್ ಜಾಕ್ಸನ್ ಎಂಬ ಮಾಜಿ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ತನಿಖಾ ಆಯೋಗ ನೇಮಕವಾಯಿತು. ಆಯೋಗ ಬ್ಯಾಂಕಿನ ಪುಸ್ತಕಗಳನ್ನು ನೋಡಿತು, ಸಾಕ್ಷಿಗಳನ್ನು ಕೇಳಿತು. ಅದರ ವರದಿ 1869ರಲ್ಲಿ ಬಂತು. ವರದಿಯ ಜೊತೆಗೆ ಸಾಕ್ಷ್ಯವೂ ಅಚ್ಚಾಯಿತು. ಯಾರಿಗೆ ಸಾಲ ಹೋಯಿತು, ಯಾವ ಆಧಾರದ ಮೇಲೆ ಹೋಯಿತು, ಯಾರು ನೋಡಬೇಕಿತ್ತು, ಯಾರು ನೋಡಲಿಲ್ಲ ಎಂಬುದೆಲ್ಲ ಊರಿಗೆ ತಿಳಿಯುವಂತಾಯಿತು.

ಆಯೋಗ ಒಬ್ಬರ ತಲೆಗೇ ಎಲ್ಲವನ್ನೂ ಕಟ್ಟಲಿಲ್ಲ. 1863ರ ಕಾಯ್ದೆ ಹಳೆಯ ಕಟ್ಟುಪಾಡುಗಳನ್ನು ತೆಗೆದದ್ದು ಒಂದು ಕಾರಣ. ಸಿಕ್ಕಿದ ಅಧಿಕಾರವನ್ನು ಬ್ಯಾಂಕಿನ ಕಾರ್ಯದರ್ಶಿಗಳು ದುರುಪಯೋಗ ಮಾಡಿದ್ದು ಇನ್ನೊಂದು. ನಿರ್ದೇಶಕರ ಅಲಕ್ಷ್ಯ ಮತ್ತೊಂದು. ಕಾಲವೂ ಸಾಮಾನ್ಯ ಕಾಲವಾಗಿರಲಿಲ್ಲ ಎಂಬುದನ್ನೂ ಆಯೋಗ ಲೆಕ್ಕಕ್ಕೆ ತೆಗೆದುಕೊಂಡಿತು. ಆದರೆ ಆ ಸಾಲಗಳ ಹಿಂದೆ ಪ್ರೇಮ್‌ಚಂದ್ ಅವರ ಪ್ರಭಾವ ಎಷ್ಟಿತ್ತು ಎಂಬುದು ಬಚ್ಚಿಡಲಾಗದಂತೆ ದಾಖಲಾಯಿತು.

ವ್ಯಾಪಾರಿಯಾದವನಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ಅಂಗಡಿಯ ರೋಜುಕೀರ್ದಿ ನಾವು ಮಾತ್ರ ನೋಡುವ ಪುಸ್ತಕ ಎಂದುಕೊಂಡು ಬರೆಯುತ್ತೇವೆ. ಒಂದು ದಿನ ಅದನ್ನು ಬೇರೆಯವರೂ ಓದುತ್ತಾರೆ. ತೆರಿಗೆ ಅಧಿಕಾರಿ ಓದಬಹುದು, ಕೋರ್ಟು ಓದಬಹುದು, ನಮ್ಮ ಮಕ್ಕಳೇ ಓದಬಹುದು. ಆ ದಿನ ನಮ್ಮ ಪರವಾಗಿ ಮಾತಾಡಲು ನಾವು ಅಲ್ಲಿ ಇರುವುದಿಲ್ಲ, ಬರೆದದ್ದು ಮಾತ್ರ ಮಾತಾಡುತ್ತದೆ.

ಸತ್ಯ ಅಣುವ್ರತದ ಅತಿಚಾರಗಳಲ್ಲಿ ಎರಡು ಮಾತುಗಳು ಲೆಕ್ಕಪತ್ರಕ್ಕೇ ಸಂಬಂಧಿಸಿದವು. ಒಂದು ಕೂಟಲೇಖಕ್ರಿಯೆ, ಅಂದರೆ ಮೋಸದ ಉದ್ದೇಶದಿಂದ ಸುಳ್ಳು ಬರಹ ಮಾಡುವುದು. ಇನ್ನೊಂದು ನ್ಯಾಸಾಪಹಾರ, ಅಂದರೆ ನಂಬಿ ಇಟ್ಟ ಹಣವನ್ನು ಅಪಹರಿಸುವುದು. ಇದರ ವಿವರಣೆ ಬಹಳ ಸೂಕ್ಷ್ಮವಾದದ್ದು. ಒಬ್ಬರು ನಮ್ಮಲ್ಲಿ ಹಣ ಇಟ್ಟು, ಎಷ್ಟೆಂದು ಮರೆತು, ಕಡಿಮೆ ಕೇಳಿದರು ಎನ್ನಿ. ಹೌದು ಎಂದು ಅಷ್ಟನ್ನೇ ಕೊಟ್ಟು ಸುಮ್ಮನಿದ್ದರೂ ಅದು ನ್ಯಾಸಾಪಹಾರ. ಕದಿಯಬೇಕಾಗಿಲ್ಲ, ಸುಮ್ಮನಿದ್ದರೂ ಸಾಕು. ನೋಡಬೇಕಾದವರು ನೋಡದೆ ಸುಮ್ಮನಿದ್ದರು ಎಂದು ಆಯೋಗ ನಿರ್ದೇಶಕರ ಬಗ್ಗೆ ಕಂಡದ್ದಕ್ಕೂ ಇದಕ್ಕೂ ದೂರವೇನಿಲ್ಲ. ಇಂದು ಬಸದಿಯ, ಸಂಘದ, ಸಹಕಾರಿ ಸೊಸೈಟಿಯ ಆಡಳಿತ ಸಮಿತಿಯಲ್ಲಿ ಕೂರುವ ನಾವೆಲ್ಲ ಇದನ್ನು ನೆನಪಿಡಬೇಕು. ಮಂಡಿಸಿದ ಲೆಕ್ಕಕ್ಕೆ ಓದದೆ ಸಹಿ ಹಾಕುವುದು ಮರ್ಯಾದೆಯಲ್ಲ, ಅದು ಅಲಕ್ಷ್ಯ.

ಬಿದ್ದ ಬಳಿಕದ ನಲವತ್ತು ವರ್ಷ

ಪ್ರೇಮ್‌ಚಂದ್ ಅವರು ಸೋತಾಗ ಅವರ ವಯಸ್ಸು ಸುಮಾರು 35. ಊರು ಬಿಟ್ಟು ಹೋಗಲಿಲ್ಲ. ಅದೇ ಮುಂಬಯಿಯಲ್ಲಿ, ತಮ್ಮಿಂದ ನಷ್ಟವಾದವರು ಓಡಾಡುವ ಅದೇ ಬೀದಿಯಲ್ಲಿ, ಮತ್ತೆ ದಲ್ಲಾಳಿ ಕೆಲಸ ಮಾಡಿದರು. ಹಿಂದಿನ ದೊರೆತನ ಮರಳಿ ಬರಲಿಲ್ಲ. ಆದರೆ ಹೆಸರು, ಗೌರವ, ಕಸುಬು ನಿಧಾನವಾಗಿ ಬಂದವು.

1875ರಲ್ಲಿ ದೇಶೀಯ ಷೇರು ದಲ್ಲಾಳಿಗಳು ಸಂಘ ಕಟ್ಟಿಕೊಂಡರು. ಮುಂದೆ ಮುಂಬಯಿ ಷೇರುಪೇಟೆಯಾದದ್ದು ಅದೇ. ಅದರ ಸ್ಥಾಪಕರಲ್ಲಿ ಪ್ರೇಮ್‌ಚಂದ್ ಅವರೂ ಒಬ್ಬರು. ಮರದ ನೆರಳಿನ ವ್ಯಾಪಾರಕ್ಕೆ ಸದಸ್ಯತ್ವ, ನಿಯಮ, ಶಿಸ್ತು ಎಂಬ ಚೌಕಟ್ಟು ಬಂದದ್ದು ಅಲ್ಲಿಂದ. 1865ರ ಪೆಟ್ಟು ತಿಂದವರಿಗೆ ನಿಯಮದ ಬೆಲೆ ಗೊತ್ತಿತ್ತು.

ಇತ್ತ ಗೋಪುರದ ಕೆಲಸ ನಿಲ್ಲಲಿಲ್ಲ. ಹಣ ಕೊಟ್ಟಾಗಿತ್ತು. ಅದು ಪ್ರೇಮ್‌ಚಂದ್ ಅವರ ಕೈ ದಾಟಿ ವಿಶ್ವವಿದ್ಯಾಲಯದ ಲೆಕ್ಕಕ್ಕೆ ಸೇರಿತ್ತು. 1869ರಲ್ಲಿ ಅಡಿಗಲ್ಲು ಬಿತ್ತು. ಅದೇ ವರ್ಷ ಆಯೋಗದ ವರದಿಯೂ ಬಂತು. ಇಂಗ್ಲೆಂಡಿನ ಪ್ರಸಿದ್ಧ ವಾಸ್ತುಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಅವರ ನಕ್ಷೆಯಂತೆ ಕಟ್ಟಡ ಎದ್ದು, 1878ರಲ್ಲಿ ಪೂರ್ತಿಯಾಯಿತು. ತಮ್ಮಲ್ಲಿ ಇಟ್ಟುಕೊಂಡ ಕೋಟಿಗಳು ಹೋದವು, ಕೊಟ್ಟ ಲಕ್ಷಗಳು ಉಳಿದವು. ದಾನದ ಬಗ್ಗೆ ನಮ್ಮ ಮುನಿಗಳು ಪ್ರವಚನದಲ್ಲಿ ಹೇಳುವ ಮಾತಿಗೆ ಇದಕ್ಕಿಂತ ನೇರವಾದ ಲೆಕ್ಕ ಸಿಗಲಿಕ್ಕಿಲ್ಲ.

ಆದರೆ ಇಲ್ಲಿಯೇ ನಿಲ್ಲಬಾರದು. ದಾನ ಕೊಟ್ಟದ್ದರಿಂದ ಬ್ಯಾಂಕಿನ ಷೇರುದಾರರ ನಷ್ಟ ತುಂಬಲಿಲ್ಲ. ಬ್ಯಾಂಕ್ ಮುಳುಗಿದ್ದರಿಂದ ಗ್ರಂಥಾಲಯದಲ್ಲಿ ಓದಿದವರ ವಿದ್ಯೆಯೂ ಹೋಗಲಿಲ್ಲ. ಜಮಾ ಬೇರೆ, ಖರ್ಚು ಬೇರೆ. ಎರಡೂ ಒಂದೇ ಮನುಷ್ಯನ ಖಾತೆಯಲ್ಲಿ ಇವೆ. ಒಂದು ಕಡೆಯನ್ನು ಮಾತ್ರ ಓದಿ ಹೊಗಳುವುದು, ಇನ್ನೊಂದು ಕಡೆಯನ್ನು ಮಾತ್ರ ಓದಿ ತೆಗಳುವುದು, ಎರಡೂ ಸರಿಯಾದ ಲೆಕ್ಕವಲ್ಲ. ಅನೇಕಾಂತವನ್ನು ನಂಬುವ ನಮಗೆ ಇದು ಕಷ್ಟವಾಗಬಾರದು.

1906ರಲ್ಲಿ ಪ್ರೇಮ್‌ಚಂದ್ ಅವರು ತೀರಿಕೊಂಡರು.

ಕಾಯ್ದೆಗಳು ಬಂದ ದಾರಿ

ಮುಳುಗಿದ ಬ್ಯಾಂಕಿನ ಜಾಗದಲ್ಲಿ 1868ರಲ್ಲೇ ಹೊಸ ಬ್ಯಾಂಕ್ ಆಫ್ ಬಾಂಬೆ ಬಂತು. 1876ರ ಪ್ರೆಸಿಡೆನ್ಸಿ ಬ್ಯಾಂಕುಗಳ ಕಾಯ್ದೆ ಸಾಲದ ಮೇಲಿನ ಬಿಗಿಯನ್ನು ಮರಳಿ ತಂದಿತು. ಆ ಬ್ಯಾಂಕು 1921ರಲ್ಲಿ ಬಂಗಾಳ, ಮದ್ರಾಸ್ ಬ್ಯಾಂಕುಗಳ ಜೊತೆ ಸೇರಿ ಇಂಪೀರಿಯಲ್ ಬ್ಯಾಂಕ್ ಆಯಿತು. 1955ರಲ್ಲಿ ಅದೇ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಆಯಿತು. ಇಂದು ನಮ್ಮ ಪೇಟೆಯ ಸ್ಟೇಟ್ ಬ್ಯಾಂಕಿನಲ್ಲಿ ಸಾಲ ಕೇಳಿದಾಗ ಮ್ಯಾನೇಜರರು ಹತ್ತು ಕಾಗದ ಕೇಳುತ್ತಾರೆಂದು ನಾವು ಗೊಣಗುತ್ತೇವೆ. ಅಂಥ ಕಾಗದಗಳನ್ನು ಕೇಳದೆ ಸಾಲ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಆ ಬ್ಯಾಂಕಿನ ಪೂರ್ವಜ ಬ್ಯಾಂಕೇ ಅನುಭವಿಸಿತ್ತು.

ಷೇರುಪೇಟೆಗೆ ಕಾನೂನು ಬರಲು ಇನ್ನೂ ತಡವಾಯಿತು. ಮುಂಬಯಿ ಸರ್ಕಾರ 1925ರಲ್ಲಿ ಸೆಕ್ಯುರಿಟಿ ವ್ಯವಹಾರ ನಿಯಂತ್ರಣ ಕಾಯ್ದೆ ತಂದಿತು. ಸ್ವಾತಂತ್ರ್ಯದ ನಂತರ 1956ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ಬಂತು. 1988ರಲ್ಲಿ ಸೆಬಿ ಸ್ಥಾಪನೆಯಾಯಿತು, 1992ರಲ್ಲಿ ಅದಕ್ಕೆ ಕಾನೂನಿನ ಬಲ ಸಿಕ್ಕಿತು. ಅದೇ 1992ರಲ್ಲಿ ಬ್ಯಾಂಕುಗಳ ಹಣ ಷೇರುಪೇಟೆಗೆ ಹರಿದ ದೊಡ್ಡ ಹಗರಣ ಹೊರಬಂತು. ರಿಸರ್ವ್ ಬ್ಯಾಂಕ್ ನೇಮಿಸಿದ ಜಾನಕಿರಾಮನ್ ಸಮಿತಿ, ಆಮೇಲೆ ಜಂಟಿ ಸಂಸದೀಯ ಸಮಿತಿ, ಪುಸ್ತಕಗಳನ್ನು ತೆರೆದು ವರದಿ ಕೊಟ್ಟವು. ಬ್ಯಾಂಕಿನ ಹಣ, ಏರುತ್ತಿರುವ ಷೇರು, ನೋಡದೆ ಸುಮ್ಮನಿದ್ದ ಮೇಲಿನವರು. 1869ರ ವರದಿ ಓದಿದವರಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ.

ಆ ಬಳಿಕ ಕಾಗದದ ಷೇರು ಹೋಗಿ ಡಿಮ್ಯಾಟ್ ಬಂತು. ವ್ಯವಹಾರಕ್ಕೆ ಪಾನ್ ಕಡ್ಡಾಯವಾಯಿತು. ಪ್ರತಿ ವ್ಯವಹಾರಕ್ಕೂ ದಲ್ಲಾಳಿ ಕಾಂಟ್ರಾಕ್ಟ್ ನೋಟ್ ಕೊಡಬೇಕಾಯಿತು. ಇವೆಲ್ಲ ಯಾರೋ ಹಣ ಕಳೆದುಕೊಂಡ ಬಳಿಕ, ತನಿಖೆ ನಡೆದ ಬಳಿಕ ಬಂದ ನಿಯಮಗಳು.

ಇಂದಿನ ವಾಯಿದೆ

1865ರ ವಾಯಿದೆ ವ್ಯಾಪಾರ ಇಂದು ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ಹೆಸರಿನಲ್ಲಿ ಮೊಬೈಲಿಗೆ ಬಂದಿದೆ. ನಿಯಮವಿದೆ, ಮಾರ್ಜಿನ್ ಇದೆ, ಸೆಬಿ ಇದೆ. ಆದರೂ ಸೆಬಿಯೇ 2024ರ ಸೆಪ್ಟೆಂಬರ್‌ನಲ್ಲಿ ಹೊರಹಾಕಿದ ಅಧ್ಯಯನದ ಪ್ರಕಾರ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಈ ವ್ಯಾಪಾರ ಮಾಡಿದ ವ್ಯಕ್ತಿಗಳಲ್ಲಿ 100ಕ್ಕೆ 93 ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ ರೂ. 1.8 ಲಕ್ಷ ಕೋಟಿ ದಾಟಿತ್ತು.

ಷೇರು ಕೊಳ್ಳುವುದು ತಪ್ಪೆಂದು ಹೇಳುವುದಿಲ್ಲ. ಒಳ್ಳೆಯ ಕಂಪನಿಯಲ್ಲಿ ಉಳಿತಾಯದ ಒಂದು ಪಾಲು ಹಾಕಿ ವರ್ಷಗಳ ಕಾಲ ಇಡುವುದು ಗೃಹಸ್ಥನಿಗೆ ಒಪ್ಪುವ ಕೆಲಸ. ಆದರೆ ಸಾಲ ತಂದು ಹಾಕುವುದು, ಮನೆಯವರಿಗೆ ಹೇಳದೆ ಆಡುವುದು, ಮಗಳ ಮದುವೆಯ ಹಣ ಅಥವಾ ತಮ್ಮನ ಪಾಲನ್ನು ತೊಡಗಿಸುವುದು, ಇವು ಬೇರೆ ಮಾತು. ಪರಿಗ್ರಹ ಪರಿಮಾಣ ವ್ರತ ಎಂದರೆ ಏನೂ ಇಟ್ಟುಕೊಳ್ಳಬಾರದು ಎಂದಲ್ಲ. ಇಷ್ಟು ಸಾಕು ಎಂಬ ಗಡಿಯನ್ನು ನಾವೇ ಮೊದಲು ಹಾಕಿಕೊಂಡು, ಅದನ್ನು ದಾಟದಿರುವುದು. ಏರಿಕೆಯ ದಿನ ಆ ಗಡಿ ಹಾಕಲು ಯಾರಿಗೂ ಆಗುವುದಿಲ್ಲ. ಹಾಕುವುದಾದರೆ ಮೊದಲೇ ಹಾಕಬೇಕು. ಮುಂಬಯಿಯ ಎಲ್ಲರಿಗಿಂತ ಹೆಚ್ಚು ಬುದ್ಧಿ, ಹೆಚ್ಚು ಸುದ್ದಿ, ಹೆಚ್ಚು ಹಣ ಇದ್ದ ಶೇಠರಿಗೇ 1865ರ ಜುಲೈ 1ರ ಹೊಡೆತ ತಪ್ಪಿಸಿಕೊಳ್ಳಲು ಆಗಲಿಲ್ಲ.

ಮನೆಯಲ್ಲಿ ಷೇರು ವ್ಯವಹಾರ ಮಾಡುವ ಮಗನಿದ್ದರೆ ತಿಂಗಳಿಗೊಮ್ಮೆ ಅವನ ಲೆಕ್ಕವನ್ನು ಮನೆಯವರ ಮುಂದೆ ಇಡಲಿ. ಲಾಭವಿದ್ದರೂ ಇಡಲಿ, ನಷ್ಟವಿದ್ದರೂ ಇಡಲಿ. ಬಸದಿಯ ಸಮಿತಿಯಲ್ಲಿ ಇರುವವರು ವಾರ್ಷಿಕ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕಲಿ. ಸರ್ಕಾರ ಆಯೋಗ ನೇಮಿಸಿ ಪುಸ್ತಕ ತೆರೆಸುವ ಮೊದಲು ನಾವೇ ತೆರೆದಿಟ್ಟರೆ ಆಯೋಗದ ಅಗತ್ಯ ಬರುವುದಿಲ್ಲ.

ಜೈ ಜಿನೇಂದ್ರ.